ಸರಾಸರಿ ವೇಗದ ಪರೀಕ್ಷೆ: ನಾಲತವಾಡದ ದಾರಿಯನ್ನು ಕುರಿತ ಒಂದು ಸಂವಾದ

ವಿಜಯಪುರ ಜಿಲ್ಲೆಯ ಮುದ್ದೇಬಿಹಾಳ ತಾಲ್ಲೂಕಿಗೆ ಸೇರಿದ ನಾಲತವಾಡವು ಕೃಷ್ಣಾ ನದಿಯ ಬಸವಸಾಗರ ಜಲಾಶಯಕ್ಕೆ ಸಮೀಪದ ಪಟ್ಟಣವಾಗಿದ್ದು, ಅಲ್ಲಿಂದ ಪಶ್ಚಿಮಕ್ಕೆ ಮುದ್ದೇಬಿಹಾಳದ ಕಡೆಗೂ ಇನ್ನೊಂದು ದಿಕ್ಕಿನಲ್ಲಿ ನಾರಾಯಣಪುರದ ಅಣೆಕಟ್ಟಿನ ಕಡೆಗೂ ಹೊರಡುವ ದಾರಿಗಳು ಎರೆಭೂಮಿಯ ತೆರೆದ ಬಯಲಿನಲ್ಲಿ ಸಾಗುತ್ತವೆ. ದೊಡ್ಡ ಬೆಟ್ಟಗಳಿಲ್ಲದ ಈ ಸೀಮೆಯಲ್ಲಿ ಏರು ಕಡಿಮೆ, ಆದರೆ ಗಾಳಿಗೆ ಅಡ್ಡ ನಿಲ್ಲುವ ಗಿಡಮರಗಳೂ ಕಡಿಮೆ. ವಿಜಯಪುರ, ಬಾಗಲಕೋಟೆ ಮತ್ತು ಬೆಳಗಾವಿ ಜಿಲ್ಲೆಗಳು ರಾಜ್ಯಕ್ಕೆ ಅನೇಕ ಸೈಕ್ಲಿಂಗ್ ಪಟುಗಳನ್ನು ಕೊಟ್ಟಿರುವುದರಿಂದಲೂ, ಹಳ್ಳಿಯ ಜಾತ್ರೆಗಳಲ್ಲಿ ಸೈಕಲ್ ಸ್ಪರ್ಧೆ ನಡೆಸುವ ರೂಢಿ ಇರುವುದರಿಂದಲೂ, ಪದಕದ ಹಂಬಲವಿಲ್ಲದೆ ಆರೋಗ್ಯಕ್ಕೂ ಸಂತೋಷಕ್ಕೂ ಸೈಕಲ್ ತುಳಿಯುವ ಹವ್ಯಾಸಿಗೂ ಇಲ್ಲಿ ತನ್ನ ವೇಗವನ್ನು ಅಳೆದು ನೋಡಿಕೊಳ್ಳುವ ಆಸೆ ಸಹಜವಾಗಿಯೇ ಹುಟ್ಟುತ್ತದೆ. ಆ ಅಳತೆಯನ್ನು ಹೇಗೆ ಮಾಡಬೇಕು, ಹೇಗೆ ಓದಬೇಕು, ಹೇಗೆ ಉತ್ತಮಪಡಿಸಬೇಕು ಎಂಬುದನ್ನು ಈ ಸಂವಾದ ವಿಚಾರಿಸುತ್ತದೆ. ಇದರಲ್ಲಿ ಪ್ರಶ್ನಿಸುವ ಕಿರಿಯನು ಹವ್ಯಾಸಿ ಸವಾರ. ಉತ್ತರಿಸುವ ಹಿರಿಯರು ಭೌತವಿಜ್ಞಾನವನ್ನು ಬೋಧಿಸಿ ನಿವೃತ್ತರಾದವರು.

ಕಿರಿಯ: ಗುರುಗಳೇ, ಹವ್ಯಾಸಕ್ಕಾಗಿ ಸೈಕಲ್ ತುಳಿಯುವವನು ಮನೆಗೆ ಮರಳಿದ ಕೂಡಲೇ ನೋಡುವುದು ಮೊಬೈಲಿನಲ್ಲಿ ಮೂಡುವ ಸರಾಸರಿ ವೇಗವನ್ನು. ಅದು ಕಳೆದ ವಾರಕ್ಕಿಂತ ಹೆಚ್ಚಿದ್ದರೆ ಬಲ ಹೆಚ್ಚಿತೆಂದು ಹಿಗ್ಗುತ್ತಾನೆ, ಕಡಿಮೆಯಿದ್ದರೆ ಕುಗ್ಗುತ್ತಾನೆ. ಆ ಒಂದು ಅಂಕಿಯನ್ನು ಅಷ್ಟರಮಟ್ಟಿಗೆ ನಂಬಬಹುದೇ?

ಹಿರಿಯ: ನಂಬುವ ಮುನ್ನ ಅದು ಯಾವುದರ ಸರಾಸರಿ ಎಂಬುದನ್ನು ತಿಳಿಯಬೇಕು, ತಮ್ಮಾ. ಕ್ರಮಿಸಿದ ಒಟ್ಟು ದೂರವನ್ನು ತೆಗೆದುಕೊಂಡ ಒಟ್ಟು ಕಾಲದಿಂದ ಭಾಗಿಸಿದಾಗ ಬರುವುದೇ ಸರಾಸರಿ ವೇಗ. ಹೋಗುವಾಗಿನ ವೇಗವನ್ನೂ ಬರುವಾಗಿನ ವೇಗವನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ಅದು ದೊರೆಯುವುದಿಲ್ಲ. ನಾಲತವಾಡದಿಂದ ಮುದ್ದೇಬಿಹಾಳಕ್ಕೆ ಸುಮಾರು 20 ಕಿಲೋಮೀಟರ್ ಎಂದಿಟ್ಟುಕೊಂಡು, ಹೋಗುವಾಗ ಗಂಟೆಗೆ 20 ಕಿಲೋಮೀಟರ್, ಬರುವಾಗ 30 ಕಿಲೋಮೀಟರ್ ವೇಗದಲ್ಲಿ ಸವಾರಿ ನಡೆಯಿತೆಂದು ಭಾವಿಸಿದರೆ, ಹೋಗಲು 60 ನಿಮಿಷ, ಬರಲು 40 ನಿಮಿಷ, ಒಟ್ಟು 100 ನಿಮಿಷಗಳಲ್ಲಿ 40 ಕಿಲೋಮೀಟರ್ ಸಾಗಿದಂತಾಗುತ್ತದೆ; ಆದ್ದರಿಂದ ಸರಾಸರಿ 25 ಆಗದೆ 24 ಆಗುತ್ತದೆ. ಗಣಿತದಲ್ಲಿ ಇದಕ್ಕೆ ಹರಾತ್ಮಕ ಮಾಧ್ಯ ಎಂದು ಹೆಸರು. ನಿಧಾನದ ವೇಗದಲ್ಲಿ ಕಳೆಯುವ ಕಾಲವೇ ಹೆಚ್ಚಾಗಿರುವುದರಿಂದ ಸರಾಸರಿಯು ಯಾವಾಗಲೂ ನಿಧಾನದ ಕಡೆಗೆ ವಾಲುತ್ತದೆ ಎಂಬ ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ವಿಚಾರವೆಲ್ಲ ಅದರಿಂದಲೇ ಹೊರಡುತ್ತದೆ.

ಕಿರಿಯ: ಹೋಗುವಾಗ ಎದುರಿಗೆ ಬೀಸಿದ ಗಾಳಿ ಬರುವಾಗ ಬೆನ್ನಿಗೆ ಬೀಸುತ್ತದೆ. ಹೋಗುವಾಗಿನ ನಷ್ಟ ಬರುವಾಗ ತುಂಬಿಬರುವುದರಿಂದ, ಒಂದೇ ದಾರಿಯಲ್ಲಿ ಹೋಗಿ ಬಂದರೆ ಗಾಳಿಯ ಲೆಕ್ಕ ಚುಕ್ತಾ ಆಗುತ್ತದೆಂದು ಅನೇಕರು ಹೇಳುತ್ತಾರಲ್ಲ?

ಹಿರಿಯ: ಆ ಮಾತು ಅರ್ಧ ಮಾತ್ರ ಸರಿ. ಸಮತಟ್ಟಾದ ದಾರಿಯಲ್ಲಿ ಸವಾರನು ಎರಡು ತಡೆಗಳನ್ನು ಗೆಲ್ಲಬೇಕು. ಟಯರು ನೆಲಕ್ಕೊತ್ತಿ ಉರುಳುವಾಗ ಉಂಟಾಗುವ ತಡೆ ಒಂದು. ಅದು ವೇಗ ಬದಲಾದರೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಎರಡನೆಯದು ಗಾಳಿಯ ತಡೆ. ಅದು ಸವಾರನಿಗೂ ಗಾಳಿಗೂ ನಡುವಿನ ಸಾಪೇಕ್ಷ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ಅಂದರೆ ಆ ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟಾಗುತ್ತದೆ. ಸವಾರ ಮತ್ತು ಸೈಕಲ್ಲಿನ ಒಟ್ಟು ತೂಕ 85 ಕಿಲೋಗ್ರಾಂ ಇದ್ದು, ಡಾಂಬರು ರಸ್ತೆ ಸಾಧಾರಣ ಸ್ಥಿತಿಯಲ್ಲಿದ್ದು, ಸವಾರನು ಬೆನ್ನು ಸ್ವಲ್ಪವೇ ಬಾಗಿಸಿ ಕುಳಿತಿದ್ದಾನೆಂದು ಭಾವಿಸಿ ಲೆಕ್ಕ ಹಾಕಿದರೆ, ಗಾಳಿಯಿಲ್ಲದ ದಿನ ಗಂಟೆಗೆ 25 ಕಿಲೋಮೀಟರ್ ವೇಗಕ್ಕೆ ಸುಮಾರು 108 ವ್ಯಾಟ್ ಸಾಮರ್ಥ್ಯ ಬೇಕಾಗುತ್ತದೆ. ಸಾಮರ್ಥ್ಯವೆಂದರೆ ಒಂದು ಸೆಕೆಂಡಿನಲ್ಲಿ ವ್ಯಯವಾಗುವ ಶಕ್ತಿ. ಅದರ ಮಾನ ವ್ಯಾಟ್. ಈಗ ಪಶ್ಚಿಮದಿಂದ ಗಂಟೆಗೆ 10 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ, ಅದೇ 108 ವ್ಯಾಟ್ ಶ್ರಮದಲ್ಲಿ ಮುದ್ದೇಬಿಹಾಳದ ಕಡೆಗೆ ವೇಗ 19.6ಕ್ಕೆ ಇಳಿದು, ಮರಳುವಾಗ 31ಕ್ಕೆ ಏರುತ್ತದೆ. ಹೋಗಲು 61 ನಿಮಿಷ, ಬರಲು 39 ನಿಮಿಷ, ಒಟ್ಟು 100 ನಿಮಿಷ. ಗಾಳಿಯಿಲ್ಲದ ದಿನ ಇದೇ ಸವಾರಿ 96 ನಿಮಿಷಗಳಲ್ಲಿ ಮುಗಿಯುತ್ತಿತ್ತು. ಸವಾರನ ಬಲದಲ್ಲಿ ಕೂದಲೆಳೆಯಷ್ಟೂ ಬದಲಾವಣೆಯಾಗದಿದ್ದರೂ ಸರಾಸರಿ 25ರಿಂದ 24ಕ್ಕೆ ಇಳಿಯಿತು.

ಕಿರಿಯ: ಹಾಗಾದರೆ ಮುಂಗಾರಿನ ತಿಂಗಳುಗಳಲ್ಲಿ ಸರಾಸರಿ ಕುಸಿಯುವುದನ್ನು ಅಭ್ಯಾಸದ ಕೊರತೆಯೆಂದು ತಿಳಿಯಬೇಕಾಗಿಲ್ಲ.

ಹಿರಿಯ: ತಿಳಿಯಬಾರದು. ಜೂನ್‌ನಿಂದ ಆಗಸ್ಟ್‌ವರೆಗೆ ಈ ಬಯಲಿನಲ್ಲಿ ಪಡುವಣ ಗಾಳಿಯ ರಭಸ ಹೆಚ್ಚು. ಜಿಲ್ಲೆಯಲ್ಲಿ ಗಾಳಿಯಂತ್ರಗಳನ್ನು ನಿಲ್ಲಿಸಿ ವಿದ್ಯುತ್ ತೆಗೆಯುವುದಕ್ಕೆ ಕಾರಣವೇ ಈ ಗಾಳಿ. ಚಳಿಗಾಲದ ಬೆಳಗಿನಲ್ಲಿ ಗಾಳಿ ಮಂದವಾಗಿರುವುದರಿಂದ ಅದೇ ಸವಾರ ಅದೇ ದಾರಿಯಲ್ಲಿ ಹೆಚ್ಚು ಸರಾಸರಿ ತೋರಿಸುತ್ತಾನೆ. ಆದ್ದರಿಂದ ಆಷಾಢದ ಅಂಕಿಯನ್ನು ಮಾಘದ ಅಂಕಿಯೊಡನೆ ಹೋಲಿಸಿದರೆ ಅದು ಎರಡು ಋತುಗಳ ಹೋಲಿಕೆಯಾಗುತ್ತದೆಯೇ ಹೊರತು ಸವಾರನ ಎರಡು ಸ್ಥಿತಿಗಳ ಹೋಲಿಕೆಯಾಗುವುದಿಲ್ಲ.

ಕಿರಿಯ: ಋತುವಿನ ಮಾತು ಸ್ಪಷ್ಟವಾಯಿತು. ಆದರೂ ಹವ್ಯಾಸಿಯೊಬ್ಬನಿಗೆ ಎಷ್ಟು ವೇಗವಿದ್ದರೆ ಚೆನ್ನಾಗಿದೆ ಎನ್ನಬಹುದು ಎಂಬುದಕ್ಕೆ ಒಂದು ಅಳತೆಗೋಲು ಬೇಡವೇ?

ಹಿರಿಯ: ರೂಢಿಯಲ್ಲಿರುವ ಒಂದು ಅಂದಾಜನ್ನು ಹೇಳಬಹುದು. ಗೇರಿರುವ ರೋಡ್ ಬೈಕಿನಲ್ಲಿ, ಸಮತಟ್ಟಾದ ದಾರಿಯಲ್ಲಿ, ಒಬ್ಬನೇ ಒಂದೆರಡು ಗಂಟೆ ತುಳಿಯುವಾಗ ಹೊಸಬನ ಸರಾಸರಿ ಗಂಟೆಗೆ 18ರಿಂದ 22 ಕಿಲೋಮೀಟರ್, ನಿಯಮಿತವಾಗಿ ತುಳಿಯುವವನದು 24ರಿಂದ 28 ಕಿಲೋಮೀಟರ್ ಆಸುಪಾಸಿನಲ್ಲಿರುತ್ತದೆ. 30ನ್ನು ಮೀರಿದವನು ಚೆನ್ನಾಗಿ ಪಳಗಿದವನು. ಆದರೆ ಈ ಅಂದಾಜಿನಿಂದ ಯಾರ ಮೇಲೂ ತೀರ್ಪು ಕೊಡಲಾಗದು. 1903ರಲ್ಲಿ ನಡೆದ ಮೊದಲ ಟೂರ್ ಡಿ ಫ್ರಾನ್ಸ್ ಸ್ಪರ್ಧೆಯನ್ನು ಗೆದ್ದ ಮೋರಿಸ್ ಗರಾಂ ಅವರ ಸರಾಸರಿ ಗಂಟೆಗೆ ಸುಮಾರು 25.7 ಕಿಲೋಮೀಟರ್ ಇತ್ತು. ಇಂದು ಅದೇ ಸ್ಪರ್ಧೆಯ ವಿಜೇತರ ಸರಾಸರಿ 40ನ್ನು ದಾಟುತ್ತದೆ. ಹಾಗೆಂದು ಇಂದಿನ ಹವ್ಯಾಸಿಯೊಬ್ಬ ನುಣುಪಾದ ರಸ್ತೆಯಲ್ಲಿ ಹಗುರವಾದ ಸೈಕಲ್ ಏರಿ 26ರ ಸರಾಸರಿ ತೆಗೆದರೆ ಅವನು ಗರಾಂ ಅವರಿಗೆ ಸಮನಾಗುವುದಿಲ್ಲ. ಅವರು ಡಾಂಬರಿಲ್ಲದ ದಾರಿಗಳಲ್ಲಿ, ಭಾರವಾದ ಸೈಕಲ್ಲಿನಲ್ಲಿ, ರಾತ್ರಿಯೆಲ್ಲ ತುಳಿದು, ಆರು ಹಂತಗಳಲ್ಲಿ 2,400 ಕಿಲೋಮೀಟರಿಗೂ ಹೆಚ್ಚು ದೂರ ಕ್ರಮಿಸಿದವರು. ದಾರಿ, ಸೈಕಲ್, ದೂರ ಮೂರನ್ನೂ ಹೇಳದೆ ವೇಗವನ್ನಷ್ಟೇ ಹೇಳಿದರೆ ಆ ಅಂಕಿಗೆ ಅರ್ಥವಿಲ್ಲ.

ಕಿರಿಯ: ಸೈಕಲ್ಲಿನಿಂದ ಆಗುವ ವ್ಯತ್ಯಾಸ ಎಷ್ಟಿರಬಹುದು? ಇಂದಿಗೂ ಊರಿನಲ್ಲಿ ಸಾದಾ ಕಬ್ಬಿಣದ ಸೈಕಲ್ಲಿನಲ್ಲೇ ಹೊಲಕ್ಕೂ ಸಂತೆಗೂ ಹೋಗಿಬರುವವರಿದ್ದಾರೆ.

ಹಿರಿಯ: ಸಾದಾ ಸೈಕಲ್ ಸುಮಾರು 20 ಕಿಲೋಗ್ರಾಂ ತೂಗುತ್ತದೆ, ಸವಾರನು ಎದೆಯನ್ನು ಪೂರ್ತಿಯಾಗಿ ಗಾಳಿಗೆ ಒಡ್ಡಿ ನೆಟ್ಟಗೆ ಕೂರುತ್ತಾನೆ, ಟಯರು ಉರುಳುವಾಗಿನ ತಡೆಯೂ ಹೆಚ್ಚು. ಇವೆಲ್ಲವನ್ನೂ ಅಂದಾಜಿನ ಮೇಲೆ ಲೆಕ್ಕಕ್ಕೆ ಹಿಡಿದರೆ, ಅದರಲ್ಲಿ ಗಂಟೆಗೆ 20 ಕಿಲೋಮೀಟರ್ ಹೋಗುವವನು ಅಷ್ಟೇ ಶ್ರಮದಲ್ಲಿ ರೋಡ್ ಬೈಕಿನಲ್ಲಿ 23ಕ್ಕಿಂತ ಹೆಚ್ಚು ಹೋಗಬಲ್ಲನು. ಇಂಥವನನ್ನು ನಿಧಾನದವನೆಂದು ಎಣಿಸುವುದು ಅನ್ಯಾಯವಾಗುತ್ತದೆ. ಇನ್ನೊಂದು ತುದಿಯಲ್ಲಿ, ವಿಜಯಪುರದ ಕ್ರೀಡಾ ವಸತಿನಿಲಯದ ಪಟುಗಳನ್ನೋ ಬೆಳಗಾವಿ ಜಿಲ್ಲೆಯ ಚಂದರಗಿ ಕ್ರೀಡಾ ಶಾಲೆಯ ಪಟುಗಳನ್ನೋ ನೋಡಿ ತನ್ನ ವೇಗ ಏನೂ ಅಲ್ಲವೆಂದು ಹವ್ಯಾಸಿಯು ನಿರಾಶನಾಗುವುದೂ ಸಲ್ಲದು. ಅವರು ಎಳೆಯ ವಯಸ್ಸಿನಿಂದ ತರಬೇತಿ ಪಡೆದವರು. ಅದಲ್ಲದೆ ಗುಂಪಿನಲ್ಲಿ ಒಬ್ಬರ ಹಿಂದೆ ಒಬ್ಬರು ಹೋಗುವಾಗ ಮುಂದಿನವನ ಮರೆಯಲ್ಲಿರುವವನಿಗೆ ಬೇಕಾಗುವ ಸಾಮರ್ಥ್ಯದಲ್ಲಿ ಕಾಲು ಭಾಗದಷ್ಟೋ ಅದಕ್ಕಿಂತ ಹೆಚ್ಚೋ ಉಳಿತಾಯವಾಗುತ್ತದೆ. ಗುಂಪಿನ ವೇಗ ಗುಂಪಿಗೆ ಸೇರಿದ್ದು. ಅದನ್ನು ಒಬ್ಬಂಟಿ ಸವಾರನ ವೇಗದ ಪಕ್ಕದಲ್ಲಿಟ್ಟು ನೋಡಬಾರದು.

ಕಿರಿಯ: ಇನ್ನೊಂದು ಗೊಂದಲವಿದೆ. ನಡುವೆ ಚಹಾಕ್ಕೆ ನಿಂತಾಗ ಮೊಬೈಲು ತಾನಾಗಿಯೇ ಗಡಿಯಾರವನ್ನು ನಿಲ್ಲಿಸುತ್ತದೆ. ಆ ಕಾಲವನ್ನು ಲೆಕ್ಕಕ್ಕೆ ಸೇರಿಸಬೇಕೇ, ಬಿಡಬೇಕೇ?

ಹಿರಿಯ: ಎರಡೂ ಲೆಕ್ಕಗಳಿಗೆ ಅವುಗಳದೇ ಉಪಯೋಗವಿದೆ. ಚಕ್ರ ಉರುಳಿದ ಕಾಲವನ್ನು ಮಾತ್ರ ಹಿಡಿದರೆ ಚಲನೆಯ ಸರಾಸರಿ, ಮನೆ ಬಿಟ್ಟ ಗಳಿಗೆಯಿಂದ ಮರಳಿದ ಗಳಿಗೆಯವರೆಗಿನ ಕಾಲವನ್ನು ಹಿಡಿದರೆ ಒಟ್ಟು ಸರಾಸರಿ ದೊರೆಯುತ್ತದೆ. 40 ಕಿಲೋಮೀಟರಿಗೆ 100 ನಿಮಿಷ ತುಳಿದು 20 ನಿಮಿಷ ನಿಂತವನ ಚಲನೆಯ ಸರಾಸರಿ 24, ಒಟ್ಟು ಸರಾಸರಿ 20. ಕಾಲಿನ ಬಲವನ್ನು ತಿಳಿಯಲು ಮೊದಲನೆಯದನ್ನೂ ಪ್ರಯಾಣವನ್ನು ಯೋಜಿಸಲು ಎರಡನೆಯದನ್ನೂ ಬಳಸಬೇಕು. ಬ್ರೆವೆ ಎಂದು ಕರೆಯಲಾಗುವ ದೂರದ ಸವಾರಿಗಳಲ್ಲಿ 200 ಕಿಲೋಮೀಟರಿಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 600ಕ್ಕೆ 40 ಗಂಟೆಗಳ ಗಡುವು ಇದೆ. ಊಟ, ಪಂಕ್ಚರು, ನಿದ್ದೆ ಏನೇ ಬಂದರೂ ಅಲ್ಲಿ ಗಡಿಯಾರ ನಿಲ್ಲುವುದಿಲ್ಲ. ಗಂಟೆಗೆ 15 ಕಿಲೋಮೀಟರ್ ಒಟ್ಟು ಸರಾಸರಿಯನ್ನು ಉಳಿಸಿಕೊಂಡವನು ಗಡುವಿನೊಳಗೆ ಮುಟ್ಟುತ್ತಾನೆ; ಗಂಟೆಗೆ 28ರಂತೆ ತುಳಿದು ಅಲ್ಲಲ್ಲಿ ದಣಿದು ಕೂತವನು ಗಡುವನ್ನು ತಪ್ಪಿಸಿಕೊಳ್ಳಬಹುದು. ಹೋಲಿಸುವಾಗ ಮಾತ್ರ ಒಂದು ಲೆಕ್ಕವನ್ನು ಇನ್ನೊಂದರೊಡನೆ ಬೆರೆಸಬಾರದು.

ಕಿರಿಯ: ಅಳೆಯುವ ಬಗೆ ತಿಳಿಯಿತು, ಗುರುಗಳೇ. ಇನ್ನು ಹೆಚ್ಚಿಸುವ ಬಗೆ ಯಾವುದು? ಹೆಚ್ಚು ವೇಗವಾಗಿ ತುಳಿಯುವುದೇ ಉತ್ತರವಲ್ಲವೇ?

ಹಿರಿಯ: ಎಲ್ಲಿ ವೇಗವಾಗಿ ತುಳಿಯಬೇಕು ಎಂಬುದರಲ್ಲಿ ಉತ್ತರವಿದೆ. ಗಾಳಿಯ ತಡೆ ವೇಗದ ವರ್ಗದಂತೆ ಏರಿದರೆ, ಅದನ್ನು ಗೆಲ್ಲಲು ಬೇಕಾದ ಸಾಮರ್ಥ್ಯ ವೇಗದ ಘನದಂತೆ ಏರುತ್ತದೆ. ಈ ಹಿಂದೆ ಹೇಳಿದ ಸವಾರನಿಗೆ 25ರಲ್ಲಿ 108 ವ್ಯಾಟ್ ಸಾಕಾದರೆ, 30ಕ್ಕೆ ಸುಮಾರು 169 ವ್ಯಾಟ್ ಬೇಕು. ವೇಗದಲ್ಲಿ ನೂರಕ್ಕೆ ಇಪ್ಪತ್ತರ ಹೆಚ್ಚಳ ಪಡೆಯಲು ಶ್ರಮದಲ್ಲಿ ನೂರಕ್ಕೆ ಐವತ್ತಾರರ ಹೆಚ್ಚಳ ಕೊಡಬೇಕಾಗುತ್ತದೆ. ಈಗಾಗಲೇ ವೇಗವಾಗಿರುವ ಕಡೆ ಇನ್ನಷ್ಟು ವೇಗವನ್ನು ಕೊಳ್ಳುವುದು ಹೀಗೆ ಬಹಳ ದುಬಾರಿ. ಮುದ್ದೇಬಿಹಾಳದ ಅದೇ ಸವಾರಿಯಲ್ಲಿ ಸವಾರನ ಬಳಿ 20 ವ್ಯಾಟ್ ಹೆಚ್ಚುವರಿ ಬಲವಿದೆ ಎಂದುಕೊಳ್ಳೋಣ. ಅದನ್ನು ಗಾಳಿ ಬೆನ್ನಿಗಿರುವಾಗ ಬಳಸಿದರೆ ವೇಗ 31ರಿಂದ 33ಕ್ಕೆ ಏರಿ ಎರಡು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಉಳಿಯುತ್ತದೆ. ಗಾಳಿ ಎದುರಿಗಿರುವಾಗ ಬಳಸಿದರೆ ವೇಗ 19.6ರಿಂದ 21.3ಕ್ಕೆ ಏರಿ ಸುಮಾರು ಐದು ನಿಮಿಷ ಉಳಿಯುತ್ತದೆ. ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ದುಡಿಯಬೇಕಾಗುತ್ತದೆ ಎಂಬುದು ನಿಜ; ಆದರೆ ದುಡಿತ ಒಂದೂವರೆ ಪಟ್ಟಾದರೆ ಉಳಿತಾಯ ಎರಡು ಪಟ್ಟಾಗುತ್ತದೆ. ಸರಾಸರಿಯನ್ನು ಗೆಲ್ಲುವುದೂ ಸೋಲುವುದೂ ನಿಧಾನದ ಜಾಗದಲ್ಲಿ.

ಕಿರಿಯ: ಅಂದರೆ ಎದುರುಗಾಳಿ ಮತ್ತು ಏರುಗಳಲ್ಲಿ ಸ್ವಲ್ಪ ಹೆಚ್ಚು, ಬೆನ್ನಗಾಳಿ ಮತ್ತು ಇಳಿಜಾರುಗಳಲ್ಲಿ ಸ್ವಲ್ಪ ಕಡಿಮೆ ಎಂದು ಶ್ರಮವನ್ನು ಹಂಚಬೇಕು.

ಹಿರಿಯ: ಹೌದು, ಆದರೆ ಸ್ವಲ್ಪ ಎಂಬ ಮಾತನ್ನು ಮರೆಯಬಾರದು. ಮೊದಲ ಏರಿನಲ್ಲೇ ಉಸಿರು ಕಟ್ಟುವಂತೆ ತುಳಿದವನು ಕೊನೆಯ ಹತ್ತು ಕಿಲೋಮೀಟರುಗಳಲ್ಲಿ ಗಳಿಸಿದ್ದನ್ನೆಲ್ಲ ಕಳೆದುಕೊಳ್ಳುತ್ತಾನೆ. ಹೊರಡುವಾಗ ಗಾಳಿಯನ್ನು ಎದುರಿಗೂ ಮರಳುವಾಗ ಬೆನ್ನಿಗೂ ಇರಿಸಿಕೊಳ್ಳುವಂತೆ ದಾರಿ ಆರಿಸಿದರೆ, ದಣಿವಿಲ್ಲದ ಹೊತ್ತಿಗೆ ಕಷ್ಟದ ಭಾಗವೂ ದಣಿದ ಹೊತ್ತಿಗೆ ಸುಲಭದ ಭಾಗವೂ ಬರುತ್ತವೆ. ಮುಂಗಾರಿನಲ್ಲಿ ನಾಲತವಾಡದವನಿಗೆ ಮುದ್ದೇಬಿಹಾಳದ ದಿಕ್ಕು ಈ ಕಾರಣದಿಂದಲೇ ಒಳ್ಳೆಯ ಆಯ್ಕೆ.

ಕಿರಿಯ: ಬಲ ಹೆಚ್ಚಿಸದೆಯೇ ವೇಗ ಹೆಚ್ಚಿಸಲು ಸಾಧ್ಯವಿದೆಯೇ? ಹಗುರವಾದ ಸೈಕಲ್ ಕೊಂಡರೆ ಆಗುತ್ತದೆಂದು ಅಂಗಡಿಗಳಲ್ಲಿ ಹೇಳುತ್ತಾರೆ.

ಹಿರಿಯ: ಸಮತಟ್ಟಾದ ಈ ಸೀಮೆಯಲ್ಲಿ ಸೈಕಲ್ ಎರಡು ಕಿಲೋಗ್ರಾಂ ಹಗುರವಾದರೆ ಉಳಿಯುವುದು ಒಂದು ವ್ಯಾಟ್‌ಗಿಂತ ಕಡಿಮೆ, ತೂಕದ ಬೆಲೆ ತಿಳಿಯುವುದು ಚಾರ್ಮಾಡಿ, ಆಗುಂಬೆಗಳಂಥ ಘಾಟಿಗಳಲ್ಲಿ. ಇಲ್ಲಿ ದೊಡ್ಡ ಲಾಭ ಬರುವುದು ಸವಾರನ ಭಂಗಿಯಿಂದ. ಮೊಣಕೈಗಳನ್ನು ಮಡಿಸಿ, ಹ್ಯಾಂಡಲ್ಲಿನ ಕೆಳಗಿನ ಬಾಗನ್ನು ಹಿಡಿದು, ಬೆನ್ನನ್ನು ತಗ್ಗಿಸಿ ಗಾಳಿಗೆ ಒಡ್ಡುವ ಮೈಯನ್ನು ಐದನೆಯ ಒಂದು ಭಾಗದಷ್ಟು ಕುಗ್ಗಿಸಿದರೆ, ಅದೇ 108 ವ್ಯಾಟ್‌ಗೆ ವೇಗ 25ರಿಂದ 26.6ಕ್ಕೆ ಏರುತ್ತದೆ, ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಆ ಭಂಗಿಯಲ್ಲಿ ಕುತ್ತಿಗೆ ಸೊಂಟ ನೋಯದಂತೆ ದಿನಕ್ಕೆ ಹತ್ತು ನಿಮಿಷದಿಂದ ಆರಂಭಿಸಿ ರೂಢಿ ಮಾಡಿಕೊಳ್ಳಬೇಕು. ಗಾಳಿಗೆ ಪಟಪಟಿಸುವ ಸಡಿಲ ಅಂಗಿಯನ್ನು ಬಿಟ್ಟು ಮೈಗಂಟುವ ಅಂಗಿ ತೊಡುವುದು, ಚೈನನ್ನು ಒರೆಸಿ ಎಣ್ಣೆ ಹಾಕುವುದು ಮುಂದಿನ ಹೆಜ್ಜೆಗಳು. ಟಯರಿಗೆ ಕಲ್ಲಿನಂತೆ ಗಟ್ಟಿಯಾಗುವವರೆಗೆ ಗಾಳಿ ಹೊಡೆದರೆ ವೇಗ ಹೆಚ್ಚುತ್ತದೆಂಬ ನಂಬಿಕೆ ಇಲ್ಲಿನ ರಸ್ತೆಗೆ ಹೊಂದುವುದಿಲ್ಲ. ಎರೆಮಣ್ಣು ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ ಅದರ ಮೇಲಿನ ಡಾಂಬರು ತಗ್ಗುದಿನ್ನೆಯಾಗುತ್ತದೆ, ಅತಿ ಬಿಗಿಯಾದ ಟಯರು ಅಲ್ಲಿ ಪುಟಿಯುತ್ತದೆ, ಮುಂದಕ್ಕೆ ಹೋಗಬೇಕಾದ ಶಕ್ತಿ ಮೈ ಕುಲುಕುವುದರಲ್ಲಿ ವ್ಯರ್ಥವಾಗುತ್ತದೆ. 28 ಮಿಲಿಮೀಟರ್ ಅಗಲದ ಟಯರಿಗೆ ಸವಾರನ ತೂಕವನ್ನು ನೋಡಿ 70ರಿಂದ 80 ಪಿಎಸ್‌ಐ ಒತ್ತಡ ಸಾಕು.

ಕಿರಿಯ: ದೇಹದ ಬಲವನ್ನೇ ಹೆಚ್ಚಿಸಿಕೊಳ್ಳುವವನ ಅಭ್ಯಾಸಕ್ರಮ ಹೇಗಿರಬೇಕು?

ಹಿರಿಯ: ಪ್ರತಿದಿನ ಕಳೆದ ದಿನದ ಸರಾಸರಿಯನ್ನು ಮೀರಲು ಹೋಗುವುದು ಹವ್ಯಾಸಿಗಳು ಮಾಡುವ ದೊಡ್ಡ ತಪ್ಪು. ಹಾಗೆ ಮಾಡಿದರೆ ಎಲ್ಲ ಸವಾರಿಗಳೂ ಮಧ್ಯಮ ಶ್ರಮದವಾಗಿ, ವಿಶ್ರಾಂತಿಗೆ ಹೆಚ್ಚೂ ತರಬೇತಿಗೆ ಕಡಿಮೆಯೂ ಆಗುತ್ತವೆ. ವಾರದ ಹೆಚ್ಚಿನ ಸವಾರಿಗಳು ಪಕ್ಕದವನೊಡನೆ ಪೂರ್ಣ ವಾಕ್ಯದಲ್ಲಿ ಮಾತನಾಡಬಹುದಾದಷ್ಟು ಸರಾಗವಾಗಿರಬೇಕು. ಹೃದಯ ಮತ್ತು ಸ್ನಾಯುಗಳು ದೀರ್ಘಕಾಲ ದುಡಿಯಲು ಕಲಿಯುವುದು ಇವುಗಳಿಂದ. ವಾರಕ್ಕೆ ಒಂದು, ಹೆಚ್ಚೆಂದರೆ ಎರಡು ದಿನ ಮಾತ್ರ ಐದು ನಿಮಿಷ ಜೋರಾಗಿ, ಮೂರು ನಾಲ್ಕು ನಿಮಿಷ ನಿಧಾನವಾಗಿ, ಹೀಗೆ ನಾಲ್ಕೈದು ಸಲ ತುಳಿಯಬೇಕು. ದೊಡ್ಡ ಗೇರಿನಲ್ಲಿ ಮಂಡಿಗೆ ಭಾರ ಹಾಕುವ ಬದಲು ನಿಮಿಷಕ್ಕೆ 80ರಿಂದ 95 ಸುತ್ತು ಪೆಡಲ್ ತಿರುಗುವಂಥ ಗೇರನ್ನು ಆರಿಸಬೇಕು. ವಾರದ ದೂರವನ್ನು ಒಮ್ಮೆಲೇ ಏರಿಸದೆ ಹಂತಹಂತವಾಗಿ ಏರಿಸಬೇಕು, ವಿಶ್ರಾಂತಿಯ ದಿನವನ್ನು ಕಳೆದುಹೋದ ದಿನವೆಂದು ತಿಳಿಯಬಾರದು.

ಕಿರಿಯ: ಬೇಸಿಗೆಯಲ್ಲಿ ಇಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಬಿಸಿ ಗಾಳಿ ತೆಳುವಾಗಿರುವುದರಿಂದ ಅದು ವೇಗಕ್ಕೆ ಅನುಕೂಲವೆಂದು ಕೇಳಿದ್ದುಂಟು.

ಹಿರಿಯ: ತೆಳುವಾದ ಗಾಳಿ ಅನುಕೂಲವೆಂಬುದು ಸತ್ಯ. ಸೈಕ್ಲಿಂಗ್ ಪಟು ಎಡ್ಡಿ ಮರ್ಕ್ಸ್ ಅವರು 1972ರಲ್ಲಿ ಒಂದು ಗಂಟೆಯ ದಾಖಲೆಗಾಗಿ ಸಮುದ್ರಮಟ್ಟದಿಂದ 2,200 ಮೀಟರಿಗೂ ಎತ್ತರದ ಮೆಕ್ಸಿಕೋ ನಗರವನ್ನು ಆರಿಸಿಕೊಂಡು 49.431 ಕಿಲೋಮೀಟರ್ ಕ್ರಮಿಸಿದ್ದು ಈ ಕಾರಣಕ್ಕೆ. 40 ಡಿಗ್ರಿಯ ಗಾಳಿಯೂ 20 ಡಿಗ್ರಿಯ ಗಾಳಿಗಿಂತ ನೂರಕ್ಕೆ ಆರರಷ್ಟು ತೆಳುವಾಗಿರುತ್ತದೆ. ಆದರೆ ಆ ಬಿಸಿಲಿನಲ್ಲಿ ದೇಹವು ರಕ್ತದ ಒಂದು ಪಾಲನ್ನು ಚರ್ಮವನ್ನು ತಂಪಾಗಿಡಲು ಕಳುಹಿಸಬೇಕಾಗುತ್ತದೆ, ಗಂಟೆಗೆ ಒಂದು ಲೀಟರಿನಷ್ಟು ಬೆವರು ಹೋಗಬಹುದು, ಅದೇ ವೇಗಕ್ಕೆ ನಾಡಿಬಡಿತ ಏರುತ್ತದೆ. ಗಾಳಿಯಿಂದ ಬಂದ ಸಣ್ಣ ಲಾಭವನ್ನು ಶಾಖ ನುಂಗಿಬಿಡುತ್ತದೆ. ಆದ್ದರಿಂದ ಫೆಬ್ರವರಿ ಮುಗಿದ ಮೇಲೆ ಬೆಳಕು ಹರಿಯುವ ಹೊತ್ತಿಗೆ ಹೊರಟು ಬಿಸಿಲೇರುವ ಮುನ್ನ ಮರಳಬೇಕು, ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಬಾಯಾರುವ ಮೊದಲೇ ಗುಟುಕು ಗುಟುಕಾಗಿ ಕುಡಿಯುತ್ತಿರಬೇಕು.

ಕಿರಿಯ: ಇಷ್ಟೆಲ್ಲ ಮಾಡಿದ ಮೇಲೆ ನಿಜವಾಗಿ ಸುಧಾರಣೆಯಾಗಿದೆಯೇ ಎಂದು ತಿಳಿಯಲು ನಂಬಿಕೆಗೆ ಯೋಗ್ಯವಾದ ಪರೀಕ್ಷೆ ಯಾವುದು?

ಹಿರಿಯ: ಒಂದು ದಾರಿಯನ್ನು ಪರೀಕ್ಷೆಯ ದಾರಿಯೆಂದು ಗೊತ್ತುಮಾಡಿಕೊಂಡು, ತಿಂಗಳಿಗೊಮ್ಮೆ, ಗಾಳಿ ಮಂದವಾಗಿರುವ ಬೆಳಗಿನಲ್ಲಿ, ಅದೇ ಸೈಕಲ್ಲಿನಲ್ಲಿ, ಅದೇ ಟಯರ್ ಒತ್ತಡದಲ್ಲಿ, ಒಬ್ಬನೇ ಹೋಗಿ ಬರಬೇಕು. ವೇಗದ ಬದಲು ನಿಮಿಷಗಳನ್ನು ಬರೆದಿಡುವುದು ಲೇಸು, ಏಕೆಂದರೆ ದೂರ ಬದಲಾಗದಿರುವಾಗ ಕಾಲವೇ ನೇರವಾದ ಅಳತೆ. ಅದರ ಪಕ್ಕದಲ್ಲಿ ಗಾಳಿಯ ದಿಕ್ಕು, ಉಷ್ಣತೆ, ಸರಾಸರಿ ನಾಡಿಬಡಿತ, ಸವಾರಿ ಸಲೀಸಾಗಿತ್ತೇ ಕಷ್ಟವಾಗಿತ್ತೇ ಎಂಬುದನ್ನೂ ಬರೆಯಬೇಕು. ಚಕ್ರದ ಸುತ್ತು ಎಣಿಸುವ ಮೀಟರು ಬಳಸುವವನು ಚಕ್ರದ ಸುತ್ತಳತೆಯನ್ನು ಸರಿಯಾಗಿ ನಮೂದಿಸಿರಬೇಕು. ಸುತ್ತಳತೆಯಲ್ಲಿ ನೂರಕ್ಕೆ ಒಂದು ತಪ್ಪಿದರೆ ವೇಗದಲ್ಲಿಯೂ ಅಷ್ಟೇ ತಪ್ಪುತ್ತದೆ. ಒಂದು ದಿನದ ಫಲದಿಂದ ತೀರ್ಮಾನಕ್ಕೆ ಬರದೆ ಹಲವು ದಿನಗಳ ನಡುವಿನ ಅಂಕಿಯನ್ನು ಹಿಡಿದು, ಈ ವರ್ಷದ ಡಿಸೆಂಬರನ್ನು ಕಳೆದ ವರ್ಷದ ಡಿಸೆಂಬರಿನೊಡನೆ ಹೋಲಿಸಬೇಕು. ಕಾಲ ಅಷ್ಟೇ ಇದ್ದು ನಾಡಿಬಡಿತ ಕಡಿಮೆಯಾಗಿದ್ದರೆ ಅದೂ ಸುಧಾರಣೆಯೇ. ವೇಗದ ಅಂಕಿಯಲ್ಲಿ ಅದು ಕಾಣಿಸುವುದಿಲ್ಲ, ಅಷ್ಟೆ.

ಕಿರಿಯ: ಈ ಪರೀಕ್ಷೆಯಲ್ಲಿ ಬಿಟ್ಟುಹೋದ ಸಂಗತಿ ಏನಾದರೂ ಇದೆಯೇ?

ಹಿರಿಯ: ಎಲ್ಲಕ್ಕಿಂತ ಮುಖ್ಯವಾದದ್ದೇ ಉಳಿದಿದೆ. ಈ ದಾರಿಗಳು ಸ್ಪರ್ಧೆಯ ಮೈದಾನಗಳಲ್ಲ. ಸುಗ್ಗಿಯಲ್ಲಿ ರೈತರು ಡಾಂಬರಿನ ಮೇಲೆ ಜೋಳ, ತೊಗರಿಯ ರಾಶಿ ಹರಡಿರುತ್ತಾರೆ. ಕಬ್ಬಿನ ಹಂಗಾಮಿನಲ್ಲಿ ಹಿಂದೆ ದೀಪವಿಲ್ಲದ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು ನಸುಕಿನಲ್ಲಿ ಸಾಗುತ್ತವೆ. ಕುರಿಹಿಂಡುಗಳು ಅಡ್ಡ ಬರುತ್ತವೆ, ಮಕ್ಕಳು ಶಾಲೆಗೆ ನಡೆಯುತ್ತಾರೆ. ಇವರೆಲ್ಲರಿಗೂ ದಾರಿಯ ಮೇಲೆ ಸವಾರನಿಗಿರುವಷ್ಟೇ ಹಕ್ಕಿದೆ. ಊರೊಳಗೆ ಬ್ರೇಕ್ ಹಿಡಿಯದೆ ನುಗ್ಗಿ ಉಳಿಸಿದ ಅರ್ಧ ನಿಮಿಷವನ್ನು ಸಾಧನೆಯ ಲೆಕ್ಕಕ್ಕೆ ಸೇರಿಸುವುದು ತಪ್ಪು. ಊರಿನ ಗಡಿಯಿಂದ ಗಡಿಗೆ ಮಾತ್ರ ಕಾಲ ಅಳೆದರೆ ಆ ಆಮಿಷವೇ ಇರುವುದಿಲ್ಲ. ಹೆಲ್ಮೆಟ್ಟನ್ನು ಬಿಗಿದು, ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಹಚ್ಚಿ ಹೊರಡಬೇಕು. ಎದುರಿಗೆ ಜನ ಕಂಡಲ್ಲಿ ವೇಗ ತಗ್ಗಿಸಬೇಕು. ಸರಾಸರಿ ಅದರಿಂದ ಇಳಿದರೆ ಇಳಿಯಲಿ, ಹಾಗೆ ಇಳಿದ ಅಂಕಿಯೇ ಒಳ್ಳೆಯ ಸವಾರನ ಸರಿಯಾದ ಅಂಕಿ.